ಶಾಲೆಯ ಅಡುಗೆಮನೆಗೆ ಬರೆದ ಪ್ರೋಗ್ರಾಂ

ಹಾಸನದ ಪದವಿ ಕಾಲೇಜೊಂದರಲ್ಲಿ ನಾನು ಬಿಸಿಎ ವಿದ್ಯಾರ್ಥಿಗಳಿಗೆ ಸಿ ಮತ್ತು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳನ್ನು ಕಲಿಸುತ್ತೇನೆ. ರಾಷ್ಟ್ರೀಯ ಸೇವಾ ಯೋಜನೆಯ ಕಾರ್ಯಕ್ರಮಾಧಿಕಾರಿಯ ಹೊಣೆಯೂ ನನ್ನದೇ. ಇವೆರಡರ ಜೊತೆಗೆ ನಮ್ಮಲ್ಲಿ ಅಡುಗೆ ಕಲೆಯ ಸರ್ಟಿಫಿಕೇಟ್ ಕೋರ್ಸ್ ಇದೆ. ವೇಳಾಪಟ್ಟಿಯಲ್ಲಿ ಈ ಮೂರೂ ಒಂದನ್ನೊಂದು ಮುಟ್ಟುವುದಿಲ್ಲ; ಪ್ರೋಗ್ರಾಮಿಂಗ್ ನೌಕರಿಗೆ, ಸೇವೆ ಪ್ರಮಾಣಪತ್ರಕ್ಕೆ, ಅಡುಗೆ ಸುಲಭದ ಅಂಕಗಳಿಗೆ ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಮಾತ್ರವಲ್ಲ, ಅಧ್ಯಾಪಕರಲ್ಲೂ ಬೇರೂರಿದೆ. ಅಂತಿಮ ವರ್ಷದ ಪ್ರಾಜೆಕ್ಟ್ ಸೇವಾ ಶಿಬಿರದ ಹಳ್ಳಿಯಲ್ಲೇ ಹುಟ್ಟಬೇಕು, ಅದನ್ನು ಬಳಸುವವರು ಅಲ್ಲಿಯೇ ಕಣ್ಣೆದುರಿಗೆ ಇರಬೇಕು ಎಂಬುದು ನನ್ನ ಕೆಲಸ ನನಗೆ ಕಲಿಸಿರುವ ಪಾಠ.

ಪ್ರಾಜೆಕ್ಟ್‌ಗಳ ಈಗಿನ ಸ್ಥಿತಿ ಎಲ್ಲರಿಗೂ ತಿಳಿದದ್ದೇ. ಗ್ರಂಥಾಲಯ ನಿರ್ವಹಣೆ, ಹಾಜರಾತಿ ನಿರ್ವಹಣೆ, ಆಸ್ಪತ್ರೆ ನಿರ್ವಹಣೆ ಎಂಬ ಅದೇ ಶೀರ್ಷಿಕೆಗಳು ವರ್ಷ ವರ್ಷವೂ ಬರುತ್ತವೆ. ಬೈಂಡ್ ಮಾಡಿದ ವರದಿಯ ಸಮೇತ ಅವು ಸಿದ್ಧವಾಗಿ ಸಿಗುವ ಅಂಗಡಿಗಳೂ ಇವೆ. ವೈವಾದಲ್ಲಿ "ಇದನ್ನು ಯಾರು ಬಳಸುತ್ತಾರೆ?" ಎಂದು ಕೇಳಿದರೆ ವಿದ್ಯಾರ್ಥಿ ತಲೆ ತಗ್ಗಿಸುತ್ತಾನೆ, ಏಕೆಂದರೆ ಬಳಸುವವರು ಯಾರೂ ಇಲ್ಲ.

ಬಳಸುವವರನ್ನು ಒದಗಿಸಬಲ್ಲ ವ್ಯವಸ್ಥೆ ನಮ್ಮ ಕಾಲೇಜುಗಳಲ್ಲಿ ಬಹುಕಾಲದಿಂದಲೂ ಇದೆ. ಗಾಂಧಿ ಜನ್ಮಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಆಗ ಕೇಂದ್ರ ಶಿಕ್ಷಣ ಸಚಿವರಾಗಿದ್ದ ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ ಸೇವಾ ಯೋಜನೆಗೆ ಚಾಲನೆ ಕೊಟ್ಟರು. ಸ್ವಯಂಸೇವಕರು 2 ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು. ಅದರ ಹೊರತಾಗಿ ದತ್ತು ಗ್ರಾಮದಲ್ಲಿ 7 ದಿನಗಳ ವಿಶೇಷ ಶಿಬಿರವೂ ಇರುತ್ತದೆ. ಇಷ್ಟು ಸಮಯವನ್ನು ರಸ್ತೆ ಗುಡಿಸುವುದಕ್ಕೂ ಸಸಿ ನೆಡುವುದಕ್ಕೂ ಮಾತ್ರ ಮೀಸಲಿಡುವುದು ನನಗೆ ನ್ಯಾಯವೆನಿಸುವುದಿಲ್ಲ.

ಆಲೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಿಬಿರ ನಡೆದಾಗ ಅಲ್ಲಿನ ಸರ್ಕಾರಿ ಶಾಲೆಯ ಅಕ್ಷರ ದಾಸೋಹದ ಅಡುಗೆಮನೆಯನ್ನು ಒಂದು ತಂಡಕ್ಕೆ ಪ್ರಾಜೆಕ್ಟ್ ಆಗಿ ವಹಿಸಿದೆ. ಅಲ್ಲಿ ದಿನವೂ ನಡೆಯುವ ಲೆಕ್ಕ ಹೀಗಿದೆ. ಒಂದರಿಂದ ಐದನೇ ತರಗತಿಯ ಪ್ರತಿ ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ; ಆರರಿಂದ ಎಂಟನೇ ತರಗತಿಯ ಮಗುವಿಗೆ ಕ್ರಮವಾಗಿ 150, 30, 75 ಮತ್ತು 7.5 ಗ್ರಾಂ. ಕಿರಿಯರು 42, ಹಿರಿಯರು 18 ಮಂದಿ ಬಂದ ದಿನ ಅಕ್ಕಿ 6 ಕಿಲೋ 900 ಗ್ರಾಂ, ಬೇಳೆ 1 ಕಿಲೋ 380 ಗ್ರಾಂ ಬೇಕು. ಮಳೆ ಹಿಡಿದರೆ ಹಾಜರಾತಿ ಬದಲಾಗುತ್ತದೆ, ಸಂತೆಯ ದಿನ ಮತ್ತೆ ಬದಲಾಗುತ್ತದೆ. ಬೆಳಗಿನ ಹಾಜರಾತಿ ಮುಗಿದ ಕೂಡಲೇ ಲೆಕ್ಕ ಹಾಕಿ ಒಲೆ ಹೊತ್ತಿಸಬೇಕು.

ತಂಡದವರು ಮೊದಲು ಯೋಚಿಸಿದ್ದು ಮೊಬೈಲ್ ಆ್ಯಪ್, ಅದಕ್ಕೊಂದು ಲಾಗಿನ್, ಬಣ್ಣದ ಗ್ರಾಫ್‌ಗಳು. ಅವರಿಗೆ ನಾನು ಹೇಳಿದ್ದು ಇಷ್ಟೇ: ಒಂದು ಸಾಲು ಬರೆಯುವುದಕ್ಕೂ ಮೊದಲು ಅಡುಗೆ ಮಾಡುವವರ ಪಕ್ಕದಲ್ಲಿ ನಿಂತು ನೋಡಿ ಬನ್ನಿ. ಆ ತಾಯಿ ಅವರ ಯೋಜನೆಯನ್ನು ಸಮಾಧಾನದಿಂದ ಕೇಳಿಸಿಕೊಂಡು, "ಕೈಯೆಲ್ಲಾ ನೀರು, ಮಸಿ. ಫೋನ್ ಹೆಂಗ್ ಮುಟ್ಲಿ ಮಗ? ಇಷ್ಟು ಜನಕ್ಕೆ ಇಷ್ಟು ಅಂತ ಗೋಡೆ ಮೇಲೆ ಹಾಕ್ಬುಡಿ, ನೋಡ್ಕಂಡು ಮಾಡ್ತೀನಿ" ಎಂದರು. ಹೀಗೆ ಪ್ರೋಗ್ರಾಮಿನ ಫಲಿತಾಂಶ ಪರದೆಯ ಮೇಲೆ ಬರುವ ಬದಲು ಲ್ಯಾಮಿನೇಟ್ ಮಾಡಿದ ಕಾಗದದ ಮೇಲೆ ಬರಬೇಕೆಂದು ತೀರ್ಮಾನವಾಯಿತು. ಅಡ್ಡಸಾಲಿನಲ್ಲಿ ಕಿರಿಯರ ಸಂಖ್ಯೆ, ಕಂಬಸಾಲಿನಲ್ಲಿ ಹಿರಿಯರ ಸಂಖ್ಯೆ, ಎರಡೂ ಸಂಧಿಸುವ ಮನೆಯಲ್ಲಿ ಅಂದಿನ ತೂಕ. ಅಕ್ಕಿ, ಬೇಳೆ, ತರಕಾರಿ, ಎಣ್ಣೆಗೆ ಒಂದೊಂದು ಹಾಳೆ.

ಒಂದೇ ಆದೇಶವನ್ನು ಮತ್ತೆ ಮತ್ತೆ ನಡೆಸುವ ಬರವಣಿಗೆಗೆ ಪ್ರೋಗ್ರಾಮಿಂಗ್‌ನಲ್ಲಿ ಲೂಪ್ ಎನ್ನುತ್ತಾರೆ. ಮೊದಲ ವರ್ಷದಲ್ಲಿ ಲೂಪಿನೊಳಗಿನ ಲೂಪನ್ನು ನಾವು ನಕ್ಷತ್ರಗಳ ತ್ರಿಕೋನ ಮುದ್ರಿಸಿ ಕಲಿಸುತ್ತೇವೆ. ಪರೀಕ್ಷೆಗೆ ಅದು ಸಾಕು. ಆದರೆ ಎರಡು ಸಂಖ್ಯೆಗಳು ಬೇರೆ ಬೇರೆಯಾಗಿ ಏರಿಳಿಯುವಾಗ ಹೊರಗಿನ ಲೂಪ್ ಯಾವುದು, ಒಳಗಿನದು ಯಾವುದು ಎಂಬ ಪ್ರಶ್ನೆಗೆ ಅರ್ಥ ಬಂದದ್ದು ಈ ಪಟ್ಟಿಯಲ್ಲಿ. ಇನ್ನೊಂದು ಸಂಗತಿ ನನ್ನ ಪಾಲಿಗೆ ಇದಕ್ಕಿಂತಲೂ ಮುಖ್ಯ. ವಿದ್ಯಾರ್ಥಿನಿಯೊಬ್ಬಳು ಲೆಕ್ಕವನ್ನು ಕಿಲೋಗಳಲ್ಲಿ ಮಾಡಿದ್ದಳು. ಪೈಥಾನ್‌ನಲ್ಲಿ 3 ಮಕ್ಕಳಿಗೆ 0.1 ಕಿಲೋದಂತೆ ಗುಣಿಸಿದರೆ ಬರುವ ಉತ್ತರ 0.3 ಅಲ್ಲ, 0.30000000000000004. ಕಂಪ್ಯೂಟರ್ ಭಿನ್ನರಾಶಿಗಳನ್ನು ಎರಡರ ಘಾತಗಳಲ್ಲಿ ಇಟ್ಟುಕೊಳ್ಳುವುದರಿಂದ ಹತ್ತನೇ ಒಂದು ಭಾಗ ಅದಕ್ಕೆ ನಿಖರವಾಗಿ ದಕ್ಕುವುದಿಲ್ಲ. ಇದೇ ಕಾರಣಕ್ಕೆ 7.5 ಗ್ರಾಂ ಎಣ್ಣೆಯಿಂದ ಯಾವ ತೊಂದರೆಯೂ ಆಗಲಿಲ್ಲ. ಅರ್ಧ ಎಂಬುದು ಎರಡರ ಲೆಕ್ಕಕ್ಕೆ ಸರಿಯಾಗಿ ಒಗ್ಗುತ್ತದೆ. ಲೆಕ್ಕವನ್ನೆಲ್ಲ ಗ್ರಾಂಗಳಲ್ಲಿ ನಡೆಸಿ ಮುದ್ರಿಸುವಾಗ ಮಾತ್ರ ಕಿಲೋಗೆ ತಿರುಗಿಸಬೇಕೆಂದು ಆ ಹುಡುಗಿಯೇ ಕಂಡುಕೊಂಡಳು. ತರಗತಿಯಲ್ಲಿ ನಾನು ಬೋರ್ಡಿನ ಮೇಲೆ ಎಷ್ಟು ಬಿಡಿಸಿ ಬರೆದರೂ ಈ ವಿಷಯ ಇಷ್ಟು ಆಳವಾಗಿ ಇಳಿಯುತ್ತಿರಲಿಲ್ಲ.

ಅಡುಗೆ ಕೋರ್ಸಿನವರ ನೆರವಿಲ್ಲದಿದ್ದರೆ ಈ ಪಟ್ಟಿ ಬಳಕೆಗೆ ಬರುತ್ತಿರಲಿಲ್ಲ. ಶಾಲೆಯಲ್ಲಿ ಅಕ್ಕಿ ಅಳೆಯುತ್ತಿದ್ದುದು ಒಂದು ಸ್ಟೀಲ್ ಡಬ್ಬದಲ್ಲಿ. ಅದರ ತುಂಬ ಅಕ್ಕಿ ಹಾಕಿ ತೂಗಿ, ಪ್ರತಿ ತೂಕದ ಪಕ್ಕದಲ್ಲಿ ಡಬ್ಬದ ಲೆಕ್ಕವನ್ನೂ ಸೇರಿಸುವಂತೆ ಮಾಡಿದವರು ಅವರು. ದಾಸ್ತಾನಿನಲ್ಲಿ ಹಳೆಯ ಮೂಟೆಯನ್ನೇ ಮೊದಲು ಬಿಚ್ಚಬೇಕೆಂಬ ಅವರ ನಿಯಮ, ನಾನು ಡೇಟಾ ಸ್ಟ್ರಕ್ಚರ್ ಪಾಠದಲ್ಲಿ ಹೇಳಿಕೊಡುವ, ಮೊದಲು ಬಂದದ್ದು ಮೊದಲು ಹೊರಗೆ ಎಂಬ ಕ್ಯೂನ ನಿಯಮವೇ. ಶಿಬಿರದ ನಮ್ಮದೇ ಅಡುಗೆಯಲ್ಲಿ ಮಧ್ಯಾಹ್ನ ಮಿಕ್ಕ ಅನ್ನವನ್ನು ಹಾಗೆಯೇ ಮುಚ್ಚಿಟ್ಟು ರಾತ್ರಿ ಚಿತ್ರಾನ್ನ ಮಾಡುವುದನ್ನೂ ಅವರು ತಡೆದರು. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಆಹಾರವನ್ನು ಹೆಚ್ಚು ಹೊತ್ತು ಬಿಡಬಾರದು. ಅನ್ನದಲ್ಲಿರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಉಳಿಯುತ್ತವೆ, ಬೆಚ್ಚಗಿನ ಅನ್ನದಲ್ಲಿ ಅವು ಬೆಳೆದು ಬಿಡುವ ವಿಷವು ಮತ್ತೆ ಬಿಸಿ ಮಾಡಿದರೂ ಹೋಗದಿರಬಹುದು. ಅಡುಗೆ ಕಲಿಯಲು ಕಾಲೇಜು ಏಕೆ ಎಂದು ಕೇಳುವ ಪೋಷಕರಿಗೆ ನಾನು ಈಗ ಇದನ್ನೇ ವಿವರಿಸುತ್ತೇನೆ.

ನಮ್ಮ ರಾಜ್ಯದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂದಾಗ ಮುಕ್ತ ಐಚ್ಛಿಕ ವಿಷಯಗಳೂ ಕೌಶಲ ವಿಷಯಗಳೂ ಬಂದವು. 2024-25ರಿಂದ ಮತ್ತೆ 3 ವರ್ಷಗಳ ಪದವಿಗೆ ಮರಳಿದೆವು. ನೀತಿ ಯಾವುದೇ ಇರಲಿ, ಪ್ರಾಜೆಕ್ಟ್‌ನ ವಿಷಯವನ್ನು ಆರಿಸುವ ಸ್ವಾತಂತ್ರ್ಯ ಬಹುಮಟ್ಟಿಗೆ ಮಾರ್ಗದರ್ಶಕರ ಕೈಯಲ್ಲೇ ಇರುತ್ತದೆ. ನನ್ನ ತಂಡಗಳ ವರದಿಯ ಮೊದಲ ಪುಟಗಳಲ್ಲಿ ಬಳಸುವವರ ಜೊತೆ ನಡೆದ ಮಾತುಕತೆ, ದಿನಾಂಕದ ಸಮೇತ, ಇರಲೇಬೇಕು. ಆಂತರಿಕ ಅಂಕಗಳಲ್ಲಿ ಅದಕ್ಕೂ ಪಾಲಿದೆ.

ವಿದ್ಯಾರ್ಥಿಗಳು ಪದವಿ ಮುಗಿಸಿ ಹೊರಟುಹೋಗುತ್ತಾರೆ, ಆದರೆ ದತ್ತು ಗ್ರಾಮ ನಮ್ಮ ಸೇವಾ ಯೋಜನೆಯ ಘಟಕದ ಬಳಿ ಉಳಿಯುತ್ತದೆ. ಆದ್ದರಿಂದ ಮಕ್ಕಳ ತಲಾ ಪ್ರಮಾಣಗಳನ್ನೆಲ್ಲ ಪ್ರೋಗ್ರಾಮಿನ ಆರಂಭದಲ್ಲೇ ಒಂದು ಕಡೆ ಬರೆದಿಡಲಾಗಿದೆ. ಸರ್ಕಾರ ಪ್ರಮಾಣ ಬದಲಿಸಿದರೆ ಆ ಸಂಖ್ಯೆಗಳನ್ನು ತಿದ್ದಿ ಹೊಸ ಹಾಳೆ ಮುದ್ರಿಸಬಹುದು, ಅದನ್ನು ಶಾಲೆಯ ಶಿಕ್ಷಕರೊಬ್ಬರಿಗೂ ತೋರಿಸಿಕೊಟ್ಟಿದ್ದೇವೆ. ಕ್ಷೀರಭಾಗ್ಯದ ಹಾಲಿಗೂ ಒಂದು ಹಾಳೆ ಬೇಕೆಂದು ಅಡುಗೆಯವರು ಕೇಳಿದ್ದಾರೆ. ಒಂದು ಮಗುವಿಗೆ 18 ಗ್ರಾಂ ಪುಡಿ, 150 ಮಿಲಿ ಹಾಲು. ಆ ಕೆಲಸವನ್ನು ಮುಂದಿನ ತಂಡಕ್ಕೆ ವಹಿಸಿದ್ದೇನೆ.