ಏಳನೇ ಅವೆನ್ಯೂ, ಕತ್ತರಿ ಹಾಕುವ ಮೊದಲು

ನ್ಯೂಯಾರ್ಕ್, 16 ಅಕ್ಟೋಬರ್ 2024, ಬುಧವಾರ

ಮ್ಯಾನ್‌ಹ್ಯಾಟನ್ನಿನ ಉಡುಪು ಉದ್ಯಮದ ಕೇರಿ ಗಾರ್ಮೆಂಟ್ ಡಿಸ್ಟ್ರಿಕ್ಟ್ ನೋಡುವುದಾದರೆ ವಾರದ ನಡುವಿನ ದಿನ ಹೋಗಬೇಕು. ಶನಿವಾರ, ಭಾನುವಾರ ಬಟ್ಟೆ ಅಂಗಡಿಗಳು ಅಲ್ಲೊಂದು ಇಲ್ಲೊಂದು ತೆರೆದಿರಬಹುದು. ನೆರಿಗೆ ಹಾಕುವವರು, ಕಾಜ ಮಾಡುವವರು, ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಇಡುವ ಅಚ್ಚು) ತೆಗೆಯುವವರು ಸಿಗುವುದು ಕಷ್ಟ. ಅವರಿಲ್ಲದಿದ್ದರೆ ನೋಡಲು ಉಳಿಯುವುದು ಬರೀ ಕಟ್ಟಡ. ಇವತ್ತು ಬೆಳಗ್ಗೆ ಒಂಬತ್ತೂವರೆಗೆ ಪೆನ್ ಸ್ಟೇಷನ್ನಿನಿಂದ ಮೇಲೆ ಬರುವ ಹೊತ್ತಿಗಾಗಲೇ ಏಳನೇ ಅವೆನ್ಯೂವಿನ ಪಕ್ಕದ ಬೀದಿಗಳಲ್ಲಿ ಹ್ಯಾಂಗರ್ ತುಂಬಿದ ಗಾಲಿ ಸ್ಟ್ಯಾಂಡುಗಳು ಓಡಾಡುತ್ತಿದ್ದವು.

ಪ್ರದೇಶದ ಗಡಿ ಸುಲಭ: ದಕ್ಷಿಣಕ್ಕೆ 34ನೇ ಬೀದಿ, ಉತ್ತರಕ್ಕೆ 42ನೇ ಬೀದಿ, ಪೂರ್ವಕ್ಕೆ ಐದನೇ ಅವೆನ್ಯೂ, ಪಶ್ಚಿಮಕ್ಕೆ ಒಂಬತ್ತನೇ ಅವೆನ್ಯೂ. ಮ್ಯಾನ್‌ಹ್ಯಾಟನ್ನಿನಲ್ಲಿ ದಕ್ಷಿಣದಿಂದ ಉತ್ತರಕ್ಕೆ ಮೈಲಿಗೆ ಸುಮಾರು 20 ಬೀದಿ ಲೆಕ್ಕ. ಹಾಗಾಗಿ ಈ ತುದಿಯಿಂದ ಆ ತುದಿಗೆ ಹತ್ತು ನಿಮಿಷದ ನಡಿಗೆ. ಉಡುಪಿನ ಕೆಲಸದಲ್ಲಿ ಈ ಹತ್ತು ನಿಮಿಷಕ್ಕೆ ಎಷ್ಟು ಬೆಲೆಯಿದೆ ಎಂಬುದು ಸಂಜೆಯ ಹೊತ್ತಿಗೆ ಚೆನ್ನಾಗಿ ಕಾಣುತ್ತದೆ.

ತಲೆಯೆತ್ತಿ ನೋಡಿದರೆ ಕಟ್ಟಡಗಳು ಮೇಲೆ ಹೋದಂತೆ ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಸರಿದಿವೆ. 1916ರ ನಗರ ವಲಯ ಕಾನೂನು ಬೀದಿಗೆ ಗಾಳಿ ಬೆಳಕು ಬರಲಿ ಎಂದು ಎತ್ತರದ ಕಟ್ಟಡಗಳು ಹೀಗೆ ಒಳಸರಿಯಬೇಕೆಂದಿತು. ಅದೇ ಹೊತ್ತಿಗೆ ಐದನೇ ಅವೆನ್ಯೂವಿನ ವ್ಯಾಪಾರಿಗಳು ಹೊಲಿಗೆ ಕಾರ್ಖಾನೆಗಳು ತಮ್ಮ ಬೀದಿಗೆ ಬೇಡವೆಂದು ಒತ್ತಡ ತಂದರು. ಉದ್ಯಮ ಪಶ್ಚಿಮಕ್ಕೆ ಸರಿಯಿತು. 1921ರಲ್ಲಿ ಏಳನೇ ಅವೆನ್ಯೂವಿನ 498 ಮತ್ತು 500ನೇ ನಂಬರಿನಲ್ಲಿ ಗಾರ್ಮೆಂಟ್ ಸೆಂಟರ್ ಕ್ಯಾಪಿಟಲ್ ಎದ್ದಿತು. ಎತ್ತರದ ಚಾವಣಿ, ದೊಡ್ಡ ಕಿಟಕಿ, ಬೇರೆಯದೇ ಸರಕು ಲಿಫ್ಟ್: ಇವೆಲ್ಲ ಹೊಲಿಗೆಗೆಂದೇ ಮಾಡಿದ ಏರ್ಪಾಡು. ಬಣ್ಣ ಹೊಂದಿಸುವ ಕೆಲಸಕ್ಕೆ ಇವತ್ತಿಗೂ ಹಗಲು ಬೆಳಕೇ ಬೇಕು.

ಇನ್ನೊಂದು ಸಂಗತಿ ಕಟ್ಟಡದ ಒಳಗೆ ಹೋದಾಗ ನೆನಪಿರಬೇಕು. 1911ರ ಮಾರ್ಚ್ 25ರಂದು ವಾಷಿಂಗ್ಟನ್ ಸ್ಕ್ವೇರ್ ಬಳಿಯ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಯಲ್ಲಿ ಬೆಂಕಿ ಬಿದ್ದು 146 ಜನ ಸತ್ತರು. ಒಂದು ಬಾಗಿಲಿಗೆ ಬೀಗ ಹಾಕಿತ್ತು. ಆಮೇಲೆ ಬಂದ ಕಾನೂನುಗಳಿಂದಲೇ ಕೆಲಸದ ಹೊತ್ತಿನಲ್ಲಿ ಬಾಗಿಲಿಗೆ ಬೀಗ ಹಾಕಬಾರದು, ಬೆಂಕಿ ಬಿದ್ದರೆ ಹೊರಬೀಳುವ ಅಭ್ಯಾಸ ಮಾಡಿಸಬೇಕು ಎಂಬ ನಿಯಮಗಳು ಬಂದವು. ವರ್ಕ್‌ಶಾಪಿನಲ್ಲಿ ಬಾಗಿಲ ದಾರಿಗೆ ಬಟ್ಟೆಯ ತಾನುಗಳನ್ನು (ಸುತ್ತಿದ ಉರುಳೆಗಳನ್ನು) ಒರಗಿಸಿದ್ದರೆ ಸರಿಸಿ ಎಂದು ಹೇಳಲು ಸಂಕೋಚ ಬೇಡ.

555ನೇ ನಂಬರಿನ ಮುಂದೆ ಜುಡಿತ್ ವೆಲ್ಲರ್ 1984ರಲ್ಲಿ ಮಾಡಿದ ಕಂಚಿನ ದರ್ಜಿ ಹೊಲಿಗೆ ಯಂತ್ರದ ಮೇಲೆ ಬಗ್ಗಿ ಕೂತಿದ್ದಾನೆ. ಅವನ ಕೈ ನೋಡಿ. ಬಟ್ಟೆಯನ್ನು ಎಳೆಯುತ್ತಿಲ್ಲ, ದಾರಿ ತೋರಿಸುತ್ತಿದ್ದಾನಷ್ಟೆ. ಹೊಲಿಗೆ ಕಲಿಯುವವರಿಗೆ ಮೊದಲ ಪಾಠವೇ ಅದು: ಬಟ್ಟೆಯನ್ನು ಮುಂದೆ ತಳ್ಳುವುದು ಸೂಜಿಯ ಕೆಳಗಿನ ಹಲ್ಲುಪಟ್ಟಿಯ ಕೆಲಸ, ಎಳೆದರೆ ಸೂಜಿ ಬಾಗುತ್ತದೆ. 39ನೇ ಬೀದಿಯ ಮೂಲೆಯಲ್ಲಿ ದೊಡ್ಡ ಅಂಗಿ ಗುಂಡಿ, ಸೂಜಿಯ ಶಿಲ್ಪ ಎಲ್ಲರೂ ಫೋಟೋ ತೆಗೆಯುವ ಜಾಗ. ಅಲ್ಲಿ ಎರಡು ನಿಮಿಷ ಸಾಕು.

ಬಟ್ಟೆ ಅಂಗಡಿಗಳಲ್ಲಿ ಮಾತ್ರ ಆತುರ ಬೇಡ. ಇಲ್ಲಿ ಎರಡು ಬಗೆಯ ಮಾಲು. ಒಂದು, ಗಿರಣಿಯಿಂದ ಮತ್ತೆ ಮತ್ತೆ ತರಿಸಬಹುದಾದದ್ದು. ಇನ್ನೊಂದು, ದೊಡ್ಡ ಫ್ಯಾಷನ್ ಕಂಪನಿಗಳು ಬಳಸಿ ಉಳಿಸಿದ ಮಾಲು, ಡೆಡ್‌ಸ್ಟಾಕ್. ಎರಡನೆಯದು ಅಗ್ಗವೂ ಚಂದವೂ ಇರುತ್ತದೆ. ಮುಗಿದರೆ ಮಾತ್ರ ಮುಗಿಯಿತು. ಹೊಸಬರು ಎಡವುವುದೇ ಇಲ್ಲಿ. ಮೂರು ಗಜ ಕೊಂಡು ಸ್ಯಾಂಪಲ್ ಹೊಲಿಯುತ್ತಾರೆ, ಅದಕ್ಕೆ 20 ಪೀಸಿನ ಆರ್ಡರ್ ಬರುತ್ತದೆ, ವಾಪಸ್ ಹೋದರೆ ತಾನಿನಲ್ಲಿ 11 ಗಜ ಉಳಿದಿರುತ್ತದೆ. ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ: ಇದು ಮತ್ತೆ ಸಿಗುತ್ತದೆಯೆ, ಈಗ ಎಷ್ಟು ಗಜ ಇದೆ? ತುಣುಕು ಕೇಳಿ ತೆಗೆದುಕೊಂಡರೆ ಅಂಗಡಿಯಲ್ಲೇ ನಿಂತು ಅದಕ್ಕೆ ಚೀಟಿ ಹೊಲಿಯಿರಿ ಅಥವಾ ಪಿನ್ ಮಾಡಿ: ಅಗಲ, ನೂಲಿನ ಅಂಶ, ಗಜದ ಬೆಲೆ, ಬಣ್ಣದ ಲಾಟ್ (ಒಟ್ಟಿಗೆ ಬಣ್ಣ ಹಾಕಿದ ಕಂತು) ನಂಬರ್. ಒಂದೇ ಕಪ್ಪು ಎಂದು ಎರಡು ಲಾಟಿನಿಂದ ತಂದರೆ ತೋಳು ಒಂದು ಕಪ್ಪು, ಮೈ ಇನ್ನೊಂದು ಕಪ್ಪು. ಟ್ಯೂಬ್‌ಲೈಟ್ ಕೆಳಗೆ ಗೊತ್ತಾಗುವುದಿಲ್ಲ, ಬೀದಿಗೆ ತಂದು ನೋಡಬೇಕು.

ಜಿಪ್ಪು, ಗುಂಡಿ ಅಂಗಡಿಗಳು ಸಣ್ಣವು, ಗೋಡೆ ತುಂಬ ಡಬ್ಬಿ. ಜಿಪ್ಪಿನ ನಂಬರ್ ಎಂದರೆ ಮುಚ್ಚಿದಾಗ ಹಲ್ಲಿನ ಅಗಲ, ಹೆಚ್ಚುಕಡಿಮೆ ಮಿಲಿಮೀಟರಿನಲ್ಲಿ: ಸ್ಕರ್ಟಿಗೆ 3, ಜಾಕೆಟ್ಟಿಗೆ 5. ಗುಂಡಿಯನ್ನು ಲೀನ್ ಎಂಬ ಅಳತೆಯಲ್ಲಿ ಕೇಳುತ್ತಾರೆ. 40 ಲೀನಿಗೆ ಒಂದು ಇಂಚು. ಶರ್ಟಿಗೆ 18, ಕೋಟಿನ ಮುಂಭಾಗಕ್ಕೆ 30ರ ಆಸುಪಾಸು. ಕಾಜದ ಉದ್ದ ಎಂದರೆ ಗುಂಡಿಯ ಅಡ್ಡಳತೆಗೆ ಅದರ ದಪ್ಪವನ್ನೂ ಕೂಡಿಸಬೇಕು. ಗುಮ್ಮಟದಂಥ ಗುಂಡಿಗೆ ಈ ಲೆಕ್ಕ ಮರೆತರೆ ಗುಂಡಿ ಒಳಗೆ ಹೋಗುವುದೇ ಇಲ್ಲ.

ನೆರಿಗೆಯವರ ಹತ್ತಿರ ಹೋಗುವ ಮುಂಚೆ ಮೂರು ಕೆಲಸ ಮುಗಿದಿರಬೇಕು. ಕೆಳ ಅಂಚು ಮಡಚಿ ಹೊಲಿದಿರಬೇಕು, ಯಾಕೆಂದರೆ ನೆರಿಗೆ ಬಿದ್ದ ಮೇಲೆ ಅಂಚು ಹೊಲಿಯಲು ಹೋದರೆ ಅದು ಚಪ್ಪಟೆಯಾಗುತ್ತದೆ. ಅಗಲಕ್ಕೆ ಬೇಕಾದ ಜೋಡಣೆಗಳು ಆಗಿರಬೇಕು. ಒಂದು ಪಕ್ಕದ ಹೊಲಿಗೆ ಮಾತ್ರ ಬಿಟ್ಟಿರಬೇಕು, ಬಟ್ಟೆ ಸಪಾಟಾಗಿ ಹಾಸಬೇಕಲ್ಲ. ಒಂದೇ ಕಡೆಗೆ ಮಡಚುವ, ಸಂದಿಲ್ಲದ ನೆರಿಗೆಗೆ ಮೂರು ಪಟ್ಟು ಬಟ್ಟೆ: ಸೊಂಟದ ಕೆಳಗಿನ ಸುತ್ತಳತೆ 38 ಇಂಚು ಇದ್ದರೆ 114 ಇಂಚು, ಅದರ ಮೇಲೆ ಹೊಲಿಗೆ ಮಾರ್ಜಿನ್. 54 ಇಂಚು ಅಗಲದ ಬಟ್ಟೆಯಲ್ಲಿ ಎರಡು ತುಂಡು ಸೇರಿಸಿದರೆ 108. ಆರು ಇಂಚು ಕಡಿಮೆ ಬಿದ್ದು ಮೂರನೇ ತುಂಡು ಬೇಕಾಗುತ್ತದೆ. ಇದನ್ನು ಬಟ್ಟೆ ಕೊಳ್ಳುವ ಮುಂಚೆ ಲೆಕ್ಕ ಹಾಕಬೇಕು.

ನೆರಿಗೆ ಹಾಕುವುದು ಹೀಗೆ: ಮೊದಲೇ ಮಡಿಕೆ ಹಾಕಿದ ಎರಡು ದಪ್ಪ ಕಾಗದದ ಅಚ್ಚು, ನಡುವೆ ಬಟ್ಟೆ. ಇಬ್ಬರು ಎದುರುಬದುರು ನಿಂತು ಅಚ್ಚನ್ನು ಬಿಚ್ಚಿ ಹರಡಿ, ಬಟ್ಟೆ ಹಾಸಿ, ಮೇಲಿನ ಅಚ್ಚು ಕೂರಿಸಿ, ಮಡಿಕೆ ಮಡಿಕೆಯಾಗಿ ಒತ್ತಿಕೊಂಡು ಬಂದು ಬಿಗಿಯಾಗಿ ಕಟ್ಟಿ ಹಬೆ ಪೆಟ್ಟಿಗೆಗೆ ಇಡುತ್ತಾರೆ. ಹೊರಗೆ ತೆಗೆದ ಮೇಲೆ ಪೂರ್ತಿ ಆರಬೇಕು. ಬಿಸಿಯಿದ್ದಾಗ ಬಿಚ್ಚಿದರೆ ನೆರಿಗೆ ಕಣ್ಣೆದುರೇ ಅಗಲವಾಗುತ್ತದೆ. ಪಾಲಿಯೆಸ್ಟರ್ ಬಿಸಿಗೆ ಮೆದುವಾಗಿ, ಆರುವಾಗ ಆ ಆಕಾರದಲ್ಲೇ ಗಟ್ಟಿಯಾಗುತ್ತದೆ, ಒಗೆದರೂ ಉಳಿಯುತ್ತದೆ. ರೇಷ್ಮೆ, ಉಣ್ಣೆಯ ನೆರಿಗೆ ತೇವಕ್ಕೆ ಸಡಿಲುತ್ತದೆ. ಗಿರಾಕಿಗೆ ಇದನ್ನು ಮೊದಲೇ ಹೇಳಬೇಕು.

ಮಧ್ಯಾಹ್ನ, ಡಿಸೈನರ್ ವರ್ಕ್‌ಶಾಪ್, ಹತ್ತನೇ ಮಹಡಿ

ಒಳಗೆ ಹೋದ ಕೂಡಲೇ ಕಣ್ಣಿಗೆ ಬೀಳುವುದು ಕೊಕ್ಕೆಗಳಲ್ಲಿ ನೇತಾಡುವ ಕಂದು ರಟ್ಟಿನ ಪ್ಯಾಟರ್ನುಗಳು. ಪ್ರತಿ ತುಂಡಿನ ಮೇಲೂ ಸ್ಟೈಲ್ ನಂಬರ್, ಸೈಜು, ತುಂಡಿನ ಹೆಸರು, ಎಷ್ಟು ಕತ್ತರಿಸಬೇಕು, ಉದ್ದೆಳೆಯ ಗೆರೆ. ಇವುಗಳಲ್ಲಿ ಒಂದು ತಪ್ಪಿದರೂ ಕಟಿಂಗ್ ಮಾಸ್ಟರ್ ತನಗೆ ತೋಚಿದಂತೆ ಮಾಡಬೇಕಾಗುತ್ತದೆ. ಇಲ್ಲಿ ಎರಡು ಮಾತು ನೆನಪಿಡಿ: ಕತ್ತರಿಸುವ ಮೇಜಿನ ಮೇಲಿನ ಬಟ್ಟೆಯನ್ನು ಮುಟ್ಟಬಾರದು, ಮುಂದಿನ ಸೀಸನ್ನಿನ ಉಡುಪಿನ ಫೋಟೋ ಕೇಳದೆ ತೆಗೆಯಬಾರದು.

ಮೇಜಿನ ಮೇಲೆ ಇವತ್ತು ರೇಷ್ಮೆ ಕ್ರೇಪಿನ ಕ್ರಾಸ್ ಸ್ಕರ್ಟ್. ಕ್ರಾಸ್ ಎಂದರೆ ಉದ್ದೆಳೆಗೂ ಅಡ್ಡೆಳೆಗೂ ನಡುವೆ 45 ಡಿಗ್ರಿ ಓರೆ. ಆ ದಿಕ್ಕಿನಲ್ಲಿ ಎಳೆಗಳು ಕತ್ತರಿಯಂತೆ ತೆರೆದುಕೊಳ್ಳುವುದರಿಂದ ಬಟ್ಟೆ ಉದ್ದಕ್ಕೆ ಹಿಗ್ಗಿ ಅಡ್ಡಕ್ಕೆ ಕುಗ್ಗಿ ಮೈಗೆ ಹರಿಯುತ್ತದೆ. ಪ್ಯಾರಿಸ್ಸಿನ ಮ್ಯಾಡ್ಲೀನ್ ವಿಯೊನೆ ಕಳೆದ ಶತಮಾನದ ಇಪ್ಪತ್ತು ಮೂವತ್ತರ ದಶಕಗಳಲ್ಲಿ ಈ ಕತ್ತರಿಕೆಯನ್ನು ಇಡೀ ಉಡುಪಿಗೆ ತಂದರು. ಪುಟ್ಟ ಮರದ ಗೊಂಬೆಯ ಮೇಲೆ ಮೊದಲು ಬಟ್ಟೆ ಇಳಿಬಿಟ್ಟು ನೋಡುತ್ತಿದ್ದರು. ಈ ವರ್ಕ್‌ಶಾಪಿನಲ್ಲೂ ಮೊದಲ ಕೆಲಸ ಗೊಂಬೆಯ ಮೇಲೆಯೇ, ಇಲ್ಲಿ ಮಸ್ಲಿನ್ ಎಂದು ಕರೆಯುವ ಪ್ರಯೋಗದ ಹತ್ತಿ ಬಟ್ಟೆಯಲ್ಲಿ. ಇಲ್ಲೊಂದು ಮೋಸವಿದೆ. ಮಸ್ಲಿನ್ ಬಿರುಸು, ಕ್ರೇಪು ಭಾರ. ಮಸ್ಲಿನ್ನಿನಲ್ಲಿ ಸರಿ ಕೂತ ಸ್ಕರ್ಟ್ ಕ್ರೇಪಿನಲ್ಲಿ ಇಳಿದು ಸೊಂಟದ ಬಳಿ ಬಿಗಿಯುತ್ತದೆ. ಅದಕ್ಕೇ ಎರಡನೇ ಪ್ರಯೋಗವನ್ನು ಅದೇ ತೂಕದ ಅಗ್ಗದ ಕ್ರೇಪಿನಲ್ಲಿ ಮಾಡುತ್ತಾರೆ. ಈ ಹೆಜ್ಜೆ ಬಿಟ್ಟು ಉಳಿಸುವ ಮೂರು ಗಜ, ನಿಜವಾದ ರೇಷ್ಮೆಯಲ್ಲಿ ಹಾಳಾಗುವ ಮೂರು ಗಜ.

ಕತ್ತರಿಸುವ ರೀತಿ ಹೀಗೆ. ಮೇಜಿನ ಮೇಲೆ ಕಾಗದ, ಅದರ ಮೇಲೆ ಒಂದೇ ಪದರ ಬಟ್ಟೆ, ಮತ್ತೆ ಮೇಲೆ ಪ್ಯಾಟರ್ನ್ ಕಾಗದ. ಕಿನಾರೆ ಕೆಳಗಿನ ಕಾಗದದ ಅಂಚಿಗೆ ಸಮನಾಗಿ ಕೂರಬೇಕು. ಮಡಚಿದ ಬಟ್ಟೆಯಲ್ಲಿ ಕ್ರಾಸ್ ಕತ್ತರಿಸಲೇಬಾರದು. ಕೆಳಗಿನ ಪದರ ಜಾರಿ ಎಡ ಬಲ ಬೇರೆ ಬೇರೆಯಾಗುತ್ತವೆ. ಆದ್ದರಿಂದ ಪ್ಯಾಟರ್ನ್ ಅರ್ಧ ಇರುವುದಿಲ್ಲ, ಎಡ ಬಲ ಎರಡನ್ನೂ ಬಿಡಿಸಿರುತ್ತಾರೆ. ಈ ಸ್ಕರ್ಟಿಗೆ ಮುಂದೆಯೂ ಹಿಂದೆಯೂ ನಡು ಜೋಡಣೆಯಿದೆ. ಎಡ ತುಂಡಿನ ಉದ್ದೆಳೆ ಒಂದು ಕಡೆ ವಾಲಿದರೆ ಬಲ ತುಂಡಿನದು ಅದರ ಎದುರು ಕಡೆಗೆ ವಾಲಬೇಕು. ಬಟ್ಟೆ ಉಳಿಸಲೆಂದು ಎರಡನ್ನೂ ಒಂದೇ ದಿಕ್ಕಿಗೆ ಇಟ್ಟರೆ ಉಟ್ಟು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ನಡು ಹೊಲಿಗೆ ತೊಡೆಯ ಕಡೆ ತಿರುಗುತ್ತದೆ. ಹೊಲಿದ ಮೇಲೆ ಅದಕ್ಕೆ ಮದ್ದಿಲ್ಲ.

ಮಾರ್ಜಿನ್ ಅರ್ಧ ಇಂಚಲ್ಲ, ಪೂರ್ತಿ ಒಂದು ಇಂಚು. ಕತ್ತರಿಸಿದ ತುಂಡುಗಳ ಸೊಂಟದ ಅಂಚಿಗೆ ಮೊದಲು ಆರ್ಗಂಜಾದ (ತೆಳುವಾದ ಬಿರುಸು ಬಟ್ಟೆ) ನೇರ ಎಳೆಯ ಪಟ್ಟಿ ಹೊಲಿದು, ಅಲ್ಲಿಂದ ಕ್ಲಿಪ್ ಹಾಕಿ ಒಂದೆರಡು ದಿನ ನೇತುಬಿಡುತ್ತಾರೆ. ಕಿಟಕಿಯ ಪಕ್ಕದ ಸ್ಟ್ಯಾಂಡಿನಲ್ಲಿ ಸೋಮವಾರ ನೇತುಹಾಕಿದ ನಾಲ್ಕು ತುಂಡುಗಳಿದ್ದವು. ಕ್ರಾಸ್ ಇರುವ ಕಡೆ ಅಂಚು ನಾಲಿಗೆಯಂತೆ ಇಳಿದಿತ್ತು, ಉದ್ದೆಳೆ ನೆಟ್ಟಗೆ ಬರುವ ಕಡೆ ಹೆಚ್ಚು ಅಲುಗಿರಲಿಲ್ಲ. ಎರಡರ ನಡುವೆ ಒಂದು ಇಂಚಿಗೂ ಹೆಚ್ಚು ವ್ಯತ್ಯಾಸ. ಹಿಗ್ಗುವುದು ಹಿಗ್ಗಿದ ಮೇಲೆ ಪ್ಯಾಟರ್ನನ್ನು ಮತ್ತೆ ಇಟ್ಟು ಹೊಲಿಗೆ ಗೆರೆಯನ್ನು ದಾರದಲ್ಲಿ ಕಚ್ಚಾ ಹಾಕುತ್ತಾರೆ. ಒಂದು ಇಂಚು ಮಾರ್ಜಿನ್ ಉಪಯೋಗಕ್ಕೆ ಬರುವುದು ಆಗ.

ಹೊಲಿಯುವಾಗ 9ನೇ ನಂಬರಿನ ಹೊಸ ಸೂಜಿ, ತೆಳು ದಾರ, ಪಾದದ ಒತ್ತಡ ಕಡಿಮೆ. ಹೊಲಿಗೆ ನೇರ ಹಾಕಿದರೆ ಬಟ್ಟೆ ಹಿಗ್ಗುತ್ತದೆ, ದಾರ ಹಿಗ್ಗುವುದಿಲ್ಲ; ಜೋಡಣೆ ಸುಕ್ಕುಗಟ್ಟುತ್ತದೆ ಅಥವಾ ಕೂತಾಗ ಪಟ್ಟನೆ ಹರಿಯುತ್ತದೆ. ಕಣ್ಣಿಗೆ ಕಾಣದಷ್ಟು, ಅರ್ಧ ಮಿಲಿಮೀಟರ್ ಅಗಲದ ಜಿಗ್‌ಜಾಗ್ ಇದಕ್ಕೆ ಪರಿಹಾರ. ಜಿಪ್ಪು ಬರುವ ಕಡೆ ಮಾತ್ರ ಉಲ್ಟಾ: ಅಲ್ಲಿ ಹಿಗ್ಗಬಾರದು. ಅರ್ಧ ಇಂಚಿನ ಆರ್ಗಂಜಾ ಪಟ್ಟಿಯನ್ನು ಮೊದಲು ಹಾಕಿ ಆಮೇಲೆ ಜಿಪ್ಪು. ಅದಿಲ್ಲದಿದ್ದರೆ ಸೊಂಟದ ಪಕ್ಕ ಜಿಪ್ಪು ಹಾವಿನಂತೆ ಅಲೆಯಾಡುತ್ತದೆ. ಎಂಟು ಇಂಚಿನ ತೆರಪಿಗೆ ಒಂಬತ್ತು ಇಂಚಿನ ಅದೃಶ್ಯ ಜಿಪ್ಪು ಬೇಕು, ಕೆಳಗಿನ ಕೊನೆಯ ಇಂಚಿನ ತನಕ ಪಾದ ಹೋಗುವುದಿಲ್ಲ. ಇಸ್ತ್ರಿಯನ್ನು ಎತ್ತಿ ಇಡಬೇಕು, ಜಾರಿಸಬಾರದು. ಒಂದು ಸಲ ಜಾರಿಸಿದರೆ ಎರಡು ದಿನ ನೇತುಹಾಕಿದ್ದು ವ್ಯರ್ಥ.

ಇದೇ ಸ್ಕರ್ಟಿನ ಜೊತೆಯ ಉಣ್ಣೆ ಜಾಕೆಟ್ಟು ಕಾಜಕ್ಕೆ ಹೊರಗೆ ಹೋಗಬೇಕಿತ್ತು, ಎರಡು ಬೀದಿ ಆಚೆ. ಕಾಜ ಎಲ್ಲಕ್ಕಿಂತ ಕೊನೆಯ ಕೆಲಸ, ಅಲ್ಲಿ ತಪ್ಪಿದರೆ ಇಡೀ ಜಾಕೆಟ್ಟು ಹೋಯಿತು. ಅದಕ್ಕೇ ಜೊತೆಗೊಂದು ತುಣುಕು ಕಳಿಸುತ್ತಾರೆ: ಮೇಲ್ಬಟ್ಟೆ, ಫ್ಯೂಸಿಂಗ್ (ಬಿಗಿ ಕೊಡಲು ಒಳಗೆ ಅಂಟಿಸುವ ಬಟ್ಟೆ), ಒಳಪಟ್ಟಿ, ಜಾಕೆಟ್ಟಿನಲ್ಲಿ ಇರುವಷ್ಟೇ ಪದರ. ಮೊದಲ ಕಾಜ ಅದರ ಮೇಲೆ. ಹೆಂಗಸರ ಜಾಕೆಟ್ಟಿಗೆ ಕಾಜ ಬಲಗಡೆ. ಅಡ್ಡ ಕಾಜ ನಡುಗೆರೆಯಿಂದ ಅಂಚಿನ ಕಡೆಗೆ ಎಂಟನೇ ಒಂದು ಇಂಚು ದಾಟಿ ಶುರುವಾಗಬೇಕು, ಯಾಕೆಂದರೆ ಗುಂಡಿ ಎಳೆಯುವುದು ಆ ಕಡೆಗೆ. ಗುರುತು ದಾರದಲ್ಲಿರಲಿ, ಸೀಮೆಸುಣ್ಣ ದಾರಿಯಲ್ಲೇ ಉದುರುತ್ತದೆ. ಇವತ್ತು ತುಣುಕಿನ ಮೇಲಿನ ಕಾಜದಲ್ಲಿ ಎಳೆ ಬಿಟ್ಟುಕೊಂಡಿತ್ತು. ಫ್ಯೂಸಿಂಗ್ ತೆಳುವಾಗಿತ್ತು. ಇಪ್ಪತ್ತೇ ನಿಮಿಷದಲ್ಲಿ ಜಾಕೆಟ್ಟು ವಾಪಸ್ ಬಂದು, ಕಾಜ ಬರುವ ಜಾಗಕ್ಕೆ ಇನ್ನೊಂದು ಪಟ್ಟಿ ಅಂಟಿಸಿಕೊಂಡು ಮತ್ತೆ ಹೋಯಿತು. ಕಾಜದವರು ಬೇರೆ ಊರಿನಲ್ಲಿದ್ದಿದ್ದರೆ ಇದಕ್ಕೆ ಒಂದು ವಾರ.

ನಗರ 1987ರಲ್ಲಿ ಇಲ್ಲಿಯ ಪಕ್ಕದ ಬೀದಿಗಳಿಗೆ ಒಂದು ನಿಯಮ ತಂದಿತ್ತು: ಕಾರ್ಖಾನೆಯ ಜಾಗವನ್ನು ಆಫೀಸು ಮಾಡುವುದಾದರೆ ಅಷ್ಟೇ ಜಾಗವನ್ನು ಉಡುಪಿನ ಕೆಲಸಕ್ಕೆ ಕಾಯ್ದಿಡಬೇಕು. 2018ರ ಡಿಸೆಂಬರಿನಲ್ಲಿ ಅದು ಹೋಯಿತು. ನೆರಿಗೆಯವರು, ಕಾಜದವರು ಒಬ್ಬೊಬ್ಬರೇ ಬಾಗಿಲು ಹಾಕಿದರೆ ವಿನ್ಯಾಸಗಾರರ ಹತ್ತು ನಿಮಿಷವೂ ಹೋಗುತ್ತದೆ. ಆ ನಿಯಮವನ್ನು ತೆಗೆದದ್ದು ತಪ್ಪು ಎಂದೇ ಅನಿಸುತ್ತದೆ.

ನಾಲ್ಕೂವರೆಗೆ ಹೊಲಿದು ಮುಗಿದಿದ್ದ ಇನ್ನೊಂದು ಸ್ಕರ್ಟಿಗೆ ಅಂಚಿನ ಗುರುತು. ಫಿಟ್ ಮಾಡೆಲ್ (ಅಳತೆ ನೋಡಲು ಉಡುಪು ತೊಡುವವರು) ಆ ಸ್ಕರ್ಟಿಗೆ ಹಾಕಬೇಕಾದ ಚಪ್ಪಲಿ ಹಾಕಿಕೊಂಡೇ ನಿಂತಿರಬೇಕು, ಕೈ ಕೆಳಗೆ, ಕಣ್ಣು ನೇರ. ಬಗ್ಗಿ ನೋಡಿದರೆ ಹಿಂದಿನ ಅಂಚು ಮೇಲೇರುತ್ತದೆ. ಅವರು ತಿರುಗಬಾರದು, ಗುರುತು ಮಾಡುವವರೇ ನೆಲಕ್ಕೆ ಇಂಚುಪಟ್ಟಿ ಊರಿ ಸುತ್ತು ಬರಬೇಕು: ನೆಲದಿಂದ 11 ಇಂಚು, ಎರಡೆರಡು ಇಂಚಿಗೊಂದು ಗುಂಡುಸೂಜಿ. ಆಮೇಲೆ ಸ್ಕರ್ಟನ್ನು ಮೇಜಿನ ಮೇಲೆ ಹಾಸಿದರೆ ಸೂಜಿಗಳ ಸಾಲು ಅಂಕುಡೊಂಕಾಗಿ ಕಾಣುತ್ತದೆ. ಅದನ್ನು ಸ್ಕೇಲ್ ಇಟ್ಟು ನೇರ ಮಾಡಲು ಕೈ ಹೋಗುತ್ತದೆ, ಮಾಡಬಾರದು. ಸೂಜಿಯ ಸಾಲಿನಿಂದ ಕಾಲು ಇಂಚು ಕೆಳಗೆ ಒಂದು ಸುತ್ತು ಹೊಲಿಗೆ, ಅದರ ಅಂಚಿಗೇ ಕತ್ತರಿ, ನಂತರ ಅಂಚನ್ನು ಸಣ್ಣಗೆ ಸುತ್ತಿಕೊಂಡು ಕೈಯಲ್ಲಿ ಸುರುಳಿ ಹೊಲಿಗೆ. ಈ ಕಟ್ಟಡದ ಸರಕು ಲಿಫ್ಟ್ ಐದಕ್ಕೆ ನಿಲ್ಲುತ್ತದೆ. ಸುರುಳಿ ಹೊಲಿಗೆ ನಾಳೆಗೆ ಉಳಿಯಿತು. ಕಾಜದಿಂದ ಬಂದ ಜಾಕೆಟ್ಟು ಐದಕ್ಕೆ ಆರು ನಿಮಿಷವಿರುವಾಗ ಮೇಲೆ ಬಂತು.