ಬೋರ್‌ವೆಲ್ ನೀರಿನ ಬಚ್ಚಲಿಗೆ ಯಾವ ಸೋಪು, ಯಾವ ಶಾಂಪೂ

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಸ್ನಾನದ ಸಾಮಾನಿಗೆ ಹಾಕಿದ ದುಡ್ಡಿನಲ್ಲಿ ಒಂದು ಪಾಲನ್ನು ನೀರೇ ತಿಂದುಹಾಕುತ್ತೆ. ಸೋಪು ಹದಿನೈದು ದಿನಕ್ಕೆ ಸವೆಯಿತು, ನೊರೆ ಬರಲಿಲ್ಲ, ತಲೆ ಒಣಗಿದ ಮೇಲೆ ಕೂದಲು ತೆಂಗಿನ ನಾರಿನ ಹಾಗಾಯಿತು ಅಂತ ಜನ ಬ್ರ್ಯಾಂಡ್ ಬದಲಾಯಿಸುತ್ತಾರೆ. ಹೊಸದೂ ಹಾಗೇ ಆಗುತ್ತೆ. ನಲ್ಲಿಯಲ್ಲಿ ಬರುವ ನೀರು ಎಂಥದ್ದು ಅಂತ ನೋಡದೆ ಎಷ್ಟು ದುಬಾರಿ ಸೋಪು ತಂದರೂ ಅಷ್ಟೇ.

ಆಳದ ಬೋರ್‌ವೆಲ್ ನೀರು ಬಂಡೆಯ ಸಂದಿಯಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೊತ್ತು ತರುತ್ತೆ. ನಾವು ಉಪ್ಪು ನೀರು, ಗಡಸು ನೀರು ಅನ್ನೋದು ಇದನ್ನೇ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರೇ ಸಿಗದ ಕಡೆ 600ರ ತನಕ ಒಪ್ಪಬಹುದು. ಸೋಪು ಇಂಥ ನೀರಿಗೆ ಬಿದ್ದ ಕೂಡಲೇ ಮೊದಲು ಕ್ಯಾಲ್ಸಿಯಂ ಜೊತೆ ಸೇರಿ, ಕರಗದ ಬಿಳಿ ಜಿಡ್ಡಾಗುತ್ತೆ. ಆ ಕ್ಯಾಲ್ಸಿಯಂ ಎಲ್ಲ ಮುಗಿದ ಮೇಲೆ ಮಾತ್ರ ನೊರೆ ಏಳೋದು. ಲೆಕ್ಕ ಹಾಕಿದರೆ, 400 ಮಿಲಿಗ್ರಾಂ ಗಡಸಿನ ಒಂದು ಲೀಟರ್ ನೀರು ಸುಮಾರು 2.4 ಗ್ರಾಂ ಸೋಪನ್ನು ಒಂದು ಗುಳ್ಳೆ ನೊರೆಯೂ ಬರದ ಹಾಗೆ ನುಂಗಬಲ್ಲದು. ಬಕೆಟ್ಟಿನ ಅಂಚಿಗೆ ಕಟ್ಟುವ ಬೂದು ಬಣ್ಣದ ಗೆರೆ, ಸ್ನಾನ ಆದ ಮೇಲೂ ಮೈಗೆ ಅಂಟಿದ ಹಾಗನ್ನಿಸೋದು, ಎರಡೂ ಅದೇ ಜಿಡ್ಡು.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಮುಚ್ಚಳ ಇರುವ ಎರಡು ಖಾಲಿ ನೀರಿನ ಬಾಟಲಿ ತೊಗೊಳ್ಳಿ. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಆರ್‌ಒ ಫಿಲ್ಟರ್ ನೀರು ಅಥವಾ ಮಳೆ ನೀರು, ತಲಾ ಒಂದು ಲೋಟ. ಎರಡಕ್ಕೂ ಉಗುರಿನಷ್ಟು ಸೋಪಿನ ಹೆರೆ ಹಾಕಿ, ಕರಗಿದ ಮೇಲೆ ಹತ್ತು ಎಣಿಸುವ ತನಕ ಕುಲುಕಿ. ನೊರೆ ನಿಂತು ಕೆಳಗಿನ ನೀರು ತಿಳಿಯಾಗಿದ್ದರೆ ಮೆದು ನೀರು. ನೊರೆ ಕುಸಿದು ನೀರು ಹಾಲು ಹಾಲಾದರೆ ಗಡಸು. ಶಾಂಪೂ ಹಾಕಿ ಪರೀಕ್ಷೆ ಮಾಡಬೇಡಿ, ಅದು ಎಂಥ ನೀರಲ್ಲೂ ಹೆಚ್ಚುಕಡಿಮೆ ನೊರೆ ಕೊಟ್ಟು ಮೋಸ ಮಾಡುತ್ತೆ. ತುಮಕೂರು ನಗರದಲ್ಲಿ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರುವ ದಿನ, ಚಿಕ್ಕಬಳ್ಳಾಪುರದಲ್ಲಿ ಜಕ್ಕಲಮಡುಗು ನೀರು, ಕೋಲಾರದಲ್ಲಿ ಯರಗೋಳ್ ನೀರು ಬಿಟ್ಟ ದಿನ ಒಮ್ಮೆ, ಬೋರ್ ನೀರು ಬಂದ ದಿನ ಇನ್ನೊಮ್ಮೆ ಮಾಡಿ ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ.

ಹಂಡೆಯಲ್ಲಿ ಕುದಿಸಿದರೆ ಗಡಸಿನ ಒಂದು ಭಾಗ ಸುಣ್ಣವಾಗಿ ತಳಕ್ಕೆ ಕೂರುತ್ತೆ, ಎಲ್ಲವೂ ಹೋಗಲ್ಲ. ಚೆನ್ನಾಗಿ ಕುದಿಸಿ, ಕದಡದೆ ಆರಲು ಬಿಟ್ಟು, ಮೇಲಿನ ನೀರನ್ನಷ್ಟೇ ಮೊಗೆದುಕೊಳ್ಳಿ. ಪಟಿಕ ಹಾಕಿದರೆ ಮಣ್ಣು ಇಳಿಯುತ್ತೆ, ಗಡಸು ಇಳಿಯಲ್ಲ. ಷವರಿಗೆ ಸಿಕ್ಕಿಸುವ ಪುಟ್ಟ ಫಿಲ್ಟರುಗಳನ್ನು ದಯವಿಟ್ಟು ಕೊಳ್ಳಬೇಡಿ. ಅವುಗಳಲ್ಲಿ ಸಾಮಾನ್ಯವಾಗಿ ಇರೋದು ಇದ್ದಿಲು, ಲೋಹದ ಹರಳು. ಕ್ಲೋರಿನ್ ವಾಸನೆ ಕಡಿಮೆ ಮಾಡುತ್ತವೆ, ಕ್ಯಾಲ್ಸಿಯಂ ಮುಟ್ಟಲ್ಲ. ಗಡಸು ತೆಗೆಯೋದು ರೆಸಿನ್ ತುಂಬಿ, ಆಗಾಗ ಉಪ್ಪು ಹಾಕಿ ತೊಳೆಯುವ ಸಾಫ್ಟ್‌ನರ್. ಅದು ಕಡಿಮೆ ಖರ್ಚಿನ ಮಾತಲ್ಲ. ಷವರಿನ ತೂತು ಕಟ್ಟಿಕೊಂಡಿದ್ದರೆ ಒಂದು ಲೋಟ ಬಿಸಿ ನೀರಿಗೆ ಒಂದು ದೊಡ್ಡ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ, ಅರ್ಧ ಗಂಟೆ ಮುಳುಗಿಸಿಟ್ಟು, ಹಳೇ ಬ್ರಷ್ಷಿನಲ್ಲಿ ಉಜ್ಜಿ. ರಾತ್ರಿಯೆಲ್ಲ ಬಿಟ್ಟರೆ ಹೊಳಪಿನ ಲೇಪ ಎದ್ದುಹೋಗುತ್ತೆ.

ಈಗ ಸೋಪು. ರೇಪರಿನ ಹಿಂದೆ ಸಣ್ಣಕ್ಷರದಲ್ಲಿ ಟಿಎಫ್‌ಎಂ ಅಂತ ಒಂದು ಅಂಕಿ ಇರುತ್ತೆ, ಸೋಪಿನಲ್ಲಿ ಕೊಬ್ಬಿನ ಅಂಶ ನೂರಕ್ಕೆ ಎಷ್ಟು ಅಂತ ಅದರ ಅರ್ಥ. 76ಕ್ಕೆ ಕಡಿಮೆ ಇಲ್ಲದಿದ್ದರೆ ಗ್ರೇಡ್ 1, 70ರಿಂದ ಗ್ರೇಡ್ 2, 60ರಿಂದ ಗ್ರೇಡ್ 3. ‘ಬೇದಿಂಗ್ ಬಾರ್’ ಅಂತ ಬರೆದಿರುವುದು ಬೇರೆ ಜಾತಿ, ಅದಕ್ಕೆ 40 ಇದ್ದರೂ ಸಾಕು. ಟಿಎಫ್‌ಎಂ ಜಾಸ್ತಿ ಇದ್ದರೆ ಬಿಲ್ಲೆ ಗಟ್ಟಿ, ಬೇಗ ಕರಗಲ್ಲ. ಬೆಲೆ ಹೋಲಿಸುವಾಗ ಬಿಲ್ಲೆಗೆ ಎಷ್ಟು ಅಂತ ನೋಡಬೇಡಿ, ಗ್ರಾಮಿಗೆ ಎಷ್ಟು ಅಂತ ನೋಡಿ. ಗರಿಷ್ಠ ಬೆಲೆಯ ಪಕ್ಕದಲ್ಲೇ ಅದನ್ನೂ ಅಚ್ಚು ಹಾಕಿರುತ್ತಾರೆ. ನಾಲ್ಕು ಬಿಲ್ಲೆಯ ಕಟ್ಟಿನಲ್ಲಿ ಒಂದೊಂದರ ತೂಕ ಬಿಡಿ ಬಿಲ್ಲೆಗಿಂತ ಕಡಿಮೆ ಇರುವುದುಂಟು, ಆ ಸಣ್ಣಕ್ಷರ ಓದಿದರೆ ಗೊತ್ತಾಗುತ್ತೆ. ನಮ್ಮ ರಾಜ್ಯದ ಸರ್ಕಾರಿ ಕಾರ್ಖಾನೆ 1916ರಲ್ಲಿ ಶುರುವಾದದ್ದು. ಅಲ್ಲಿನ ಮೈಸೂರು ಸ್ಯಾಂಡಲ್ ಗ್ರೇಡ್ 1ರ ಸೋಪು. ಗಂಧದೆಣ್ಣೆಯ ಕಾರಣ ಬೆಲೆ ಸ್ವಲ್ಪ ಮೇಲೆ, ಆದರೂ ಗಟ್ಟಿ ಬಿಲ್ಲೆಯಾದ್ದರಿಂದ ಬಾಳಿಕೆ ಬರುತ್ತೆ.

ಆದರೆ ಒಂದು ಮಾತು: ಗ್ರೇಡ್ 1 ಆದರೂ ಅದು ಸೋಪೇ, ಗಡಸು ನೀರಲ್ಲಿ ಅದೂ ಜಿಡ್ಡಾಗುತ್ತೆ. ಸೋಪು ಕ್ಷಾರ, ಅದರ ಪಿಎಚ್ (ಹುಳಿ, ಕ್ಷಾರದ ಅಳತೆ) 9ರಿಂದ 10. ನಮ್ಮ ಚರ್ಮದ್ದು 5.5ರ ಆಸುಪಾಸು. ಡಿಸೆಂಬರ್, ಜನವರಿಯಲ್ಲಿ ಮೈ ಒಡೆದು ತುರಿಸುವವರಿಗೆ, ಎಕ್ಸಿಮಾ (ಇಸುಬು) ಇರುವ ಮಕ್ಕಳಿಗೆ ಸಿಂಡೆಟ್, ಅಂದರೆ ಸೋಪಿನ ಹಾಗೆ ಕಂಡರೂ ಸೋಪಲ್ಲದ ಬಿಲ್ಲೆ ಒಳ್ಳೆಯದು. ಪದಾರ್ಥಗಳ ಪಟ್ಟಿಯಲ್ಲಿ ಮೊದಲಿಗೇ ‘ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್’ ಅಂತ ಇದ್ದರೆ ಅದೇ ಸಿಂಡೆಟ್. ಇದು ಉಪ್ಪು ನೀರಲ್ಲೂ ನೊರೆ ಕೊಡುತ್ತೆ, ಜಿಡ್ಡು ಕಟ್ಟಲ್ಲ. ಬೆಲೆ ಎರಡು ಮೂರು ಪಟ್ಟು ಇರೋದರಿಂದ ಮನೆಮಂದಿಗೆಲ್ಲ ಬೇಡ, ಬೇಕಾದ ಒಬ್ಬರಿಗೆ ಒಂದು ತಂದಿಡಿ. ಬಾಟಲಿಯ ಬಾಡಿ ವಾಶ್ ಕೂಡ ಗಡಸು ನೀರಲ್ಲಿ ಕೆಲಸ ಮಾಡುತ್ತೆ. ಆದರೆ ಕೈ ತಪ್ಪಿ ಜಾಸ್ತಿ ಸುರಿಯುತ್ತೆ, ತಿಂಗಳಿಗೆ ಮುಗಿಯುವುದು ಹತ್ತು ದಿನಕ್ಕೆ ಮುಗಿಯುತ್ತೆ. ತೆರಿಗೆಯಲ್ಲೂ ಅದು ದುಬಾರಿ: 2025ರ ಸೆಪ್ಟೆಂಬರ್ 22ರಿಂದ ಬಿಲ್ಲೆ ಸೋಪು, ಶಾಂಪೂ, ತಲೆಗೆಣ್ಣೆ, ಟೂತ್‌ಪೇಸ್ಟ್, ಶೇವಿಂಗ್ ಕ್ರೀಮಿನ ಜಿಎಸ್‌ಟಿ 18ರಿಂದ 5ಕ್ಕೆ ಇಳಿದಿದೆ, ದ್ರವ ಸೋಪಿಗೆ ಆ ಇಳಿಕೆ ಸಿಕ್ಕಿಲ್ಲ.

ಇರುವ ಸೋಪನ್ನೇ ಹೆಚ್ಚು ದಿನ ಬರಿಸೋದು ಹೀಗೆ. ತಂದ ದಿನವೇ ರೇಪರ್ ಬಿಚ್ಚಿ, ಬೀರುವಿನಲ್ಲಿ ಬಟ್ಟೆಗಳ ನಡುವೆ ಎರಡು ಮೂರು ವಾರ ಇಡಿ. ತೇವ ಆರಿ ಗಟ್ಟಿಯಾಗುತ್ತೆ. ಅರ್ಧಕ್ಕೆ ಕತ್ತರಿಸಿ, ಒಂದು ತುಂಡನ್ನಷ್ಟೇ ಬಚ್ಚಲಿಗೆ ಇಡಿ. ಸೋಪಿನ ಡಬ್ಬಿಯ ತಳದಲ್ಲಿ ತೂತು ಇರಲೇಬೇಕು, ನೀರು ನಿಂತ ಡಬ್ಬಿಯಲ್ಲಿ ಎಂಥ ಸೋಪೂ ಲೋಳೆಯಾಗುತ್ತೆ. ಹಚ್ಚುವಾಗ ನೀರು ನಿಲ್ಲಿಸಿ. ಒದ್ದೆ ಹೀರೇಕಾಯಿ ನಾರಿಗೆ ಸೋಪು ತಿಕ್ಕಿ, ಅದರಲ್ಲಿ ಮೈ ಉಜ್ಜಿ. ನಾರಿನಲ್ಲಿ ಇರುವ ನೀರು ಕಡಿಮೆ, ಹಾಗಾಗಿ ಸೋಪು ದಂಡವಾಗೋದೂ ಕಡಿಮೆ. ತುಪ್ಪದ ಹೀರೇಕಾಯಿ ಬಳ್ಳಿಯಲ್ಲೇ ಒಣಗಿದರೆ ನಾರು ಪುಕ್ಕಟೆ. ದಿನಾ ಬಿಸಿಲಿಗೆ ಹಾಕಬೇಕು, ತಿಂಗಳಿಗೊಮ್ಮೆ ಬದಲಾಯಿಸಬೇಕು, ಒಬ್ಬರದನ್ನು ಇನ್ನೊಬ್ಬರು ಬಳಸಬಾರದು.

ತಲೆಗೆ ಮೈಸೋಪು ಹಚ್ಚಲೇಬೇಡಿ. ಜಿಡ್ಡು ಕೂದಲಿಗೆ ಅಂಟಿ ಸಿಕ್ಕಾಗುತ್ತೆ, ಬಾಚಿದರೆ ತುಂಡಾಗುತ್ತೆ. ಶಾಂಪೂ ಈ ನೀರಿಗೆ ಹೊಂದುತ್ತೆ, ಹೆಚ್ಚುಕಡಿಮೆ ಎಲ್ಲ ಶಾಂಪೂವಿನಲ್ಲೂ ಕೊಳೆ ತೆಗೆಯುವ ಮುಖ್ಯ ವಸ್ತು ಒಂದೇ ಬಗೆಯದು. ಎಷ್ಟೋ ಬ್ರ್ಯಾಂಡಿನಲ್ಲಿ ಒಂದು ರೂಪಾಯಿ, ಎರಡು ರೂಪಾಯಿ ಸ್ಯಾಶೆಯೇ ಮಿಲಿ ಲೆಕ್ಕದಲ್ಲಿ ಬಾಟಲಿಗಿಂತ ಅಗ್ಗ. ಚರಂಡಿಗೆ ಬೀಳುವ ಪ್ಲಾಸ್ಟಿಕ್ ನೋಡಿದರೆ ಮಾತ್ರ ಸಂಕಟ. ಗಿಡ್ಡ ಕೂದಲಿಗೆ ಅರ್ಧ ಸ್ಯಾಶೆ ಸಾಕು. ಅರ್ಧ ಚೊಂಬು ನೀರಿಗೆ ಕದಡಿ ಹಾಕಿಕೊಂಡರೆ ನೆತ್ತಿಗೆಲ್ಲ ಸಮನಾಗಿ ಹೋಗುತ್ತೆ, ತೊಳೆಯಲು ನೀರೂ ಕಡಿಮೆ ಬೇಕು.

ದುಡ್ಡು ಹಾಕಬೇಕಾದ ಜಾಗ ಕೊನೆಯ ಎರಡು ಚೊಂಬು. ಬೋರ್ ನೀರಲ್ಲಿ ಪೂರ್ತಿ ತೊಳೆದ ಮೇಲೆ ಶುದ್ಧ ನೀರಿನ ಘಟಕದಿಂದ ತಂದ ನೀರು ಎರಡು ಲೀಟರ್ ತಲೆಗೆ ನಿಧಾನವಾಗಿ ಹುಯ್ಯಿರಿ. ಉದ್ದ ಕೂದಲಾದರೆ ಅದರ ಮೊದಲ ಲೀಟರಿಗೆ ಒಂದು ದೊಡ್ಡ ಚಮಚ ವಿನಿಗರ್ ಅಥವಾ ಅರ್ಧ ನಿಂಬೆಹಣ್ಣಿನ ಶೋಧಿಸಿದ ರಸ ಬೆರೆಸಿ. ಹುಳಿಗೆ ಸುಣ್ಣದ ಅಂಶ ಬಿಡುತ್ತೆ, ಕೂದಲಿನ ಸಿಪ್ಪೆ ಮುಚ್ಚಿಕೊಂಡು ನುಣುಪಾಗುತ್ತೆ. ನೆತ್ತಿಯಲ್ಲಿ ಗಾಯ ಇದ್ದರೆ ಉರಿಯುತ್ತೆ, ಆಗ ಬೇಡ. ಬುಡದಿಂದಲೇ ಕೂದಲು ಉದುರುತ್ತಿದ್ದರೆ ನೀರನ್ನು ದೂರಬೇಡಿ. ಗಡಸು ನೀರು ಕೂದಲನ್ನು ಒರಟು ಮಾಡಿ ತುಂಡರಿಸುತ್ತೆ. ಬುಡ ಸಮೇತ ಬರುವುದಕ್ಕೆ ರಕ್ತಹೀನತೆ, ಥೈರಾಯ್ಡ್, ಹೆರಿಗೆ, ದೊಡ್ಡ ಜ್ವರ ಇಂಥವು ಕಾರಣ. ಎಣ್ಣೆ ಬದಲಾಯಿಸುವ ಮೊದಲು ರಕ್ತ ಪರೀಕ್ಷೆ ಮಾಡಿಸಿ.

ಸೀಗೇಕಾಯಿ, ಅಂಟುವಾಳ ಉಪ್ಪು ನೀರಿಗೆ ನಿಜಕ್ಕೂ ಒಳ್ಳೆಯವು, ಸೋಪಿನ ಹಾಗೆ ಜಿಡ್ಡು ಕಟ್ಟಲ್ಲ. ಗ್ರಂಧಿಗೆ ಅಂಗಡಿಯಲ್ಲಿ ಕಾಯಿ ಕೊಂಡು ಮಿಲ್ಲಿಗೆ ಹಾಕಿಸಿದರೆ ಪ್ಯಾಕೆಟ್ ಪುಡಿಗಿಂತ ಅಗ್ಗ. ಒಂದು ತಲೆಗೆ ಎರಡು ದೊಡ್ಡ ಚಮಚ ಪುಡಿ, ಬೆಚ್ಚಗಿನ ನೀರು ಅಥವಾ ಅನ್ನದ ಗಂಜಿಯಲ್ಲಿ ಹತ್ತು ನಿಮಿಷ ನೆನೆಸಿ, ತೆಳು ಬಟ್ಟೆಯಲ್ಲಿ ಸೋಸಿ ಹಚ್ಚಿ. ಸೋಸದಿದ್ದರೆ ತರಿ ನೆತ್ತಿಯಲ್ಲಿ ಉಳಿದು, ಒಣಗಿ ಉದುರುವಾಗ ಹೊಟ್ಟು ಅಂತ ತಪ್ಪು ತಿಳಿಯುತ್ತೇವೆ. ಎಣ್ಣೆ ಸ್ನಾನದ ದಿನ ಮೊದಲು ಕಡ್ಲೆ ಹಿಟ್ಟು ಅಥವಾ ಹೆಸರು ಹಿಟ್ಟು ತಿಕ್ಕಿ ಎಣ್ಣೆ ಎಳೆಸಿ, ಆಮೇಲೆ ಸೀಗೇಕಾಯಿ. ನಿಜವಾದ ಹೊಟ್ಟಿಗೆ ಶೇಕಡ 2ರ ಕೀಟೊಕೊನಜೋಲ್ ಶಾಂಪೂ ಇದೆ: ವಾರಕ್ಕೆ ಎರಡು ಸಲ, ನೆತ್ತಿಗೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯುವುದು, ನಾಲ್ಕು ವಾರ. ಹಚ್ಚಿದ ಕೂಡಲೇ ತೊಳೆದುಬಿಡುವುದರಿಂದಲೇ ಎಷ್ಟೋ ಜನಕ್ಕೆ ಅದು ಕೆಲಸ ಮಾಡಲ್ಲ.

ಎಣ್ಣೆಗೆ ತಿಪಟೂರು ಕೊಬ್ಬರಿ ಇರುವ ಜಿಲ್ಲೆಯಲ್ಲಿ ಸುಗಂಧದ ಬಾಟಲಿ ಯಾಕೆ ಬೇಕು? ಎಷ್ಟೋ ‘ಹೇರ್ ಆಯಿಲ್’ ಬಾಟಲಿಗಳ ಪಟ್ಟಿಯಲ್ಲಿ ಮೊದಲಿಗೆ ಇರೋದು ಲೈಟ್ ಲಿಕ್ವಿಡ್ ಪ್ಯಾರಾಫಿನ್, ಅಂದರೆ ಖನಿಜ ತೈಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ. ಚಳಿಗಾಲದ ಬೆಳಗ್ಗೆ ನಿಮ್ಮ ಬಾಟಲಿ ನೀರಿನ ಹಾಗೇ ಇದ್ದರೆ ಅದರಲ್ಲಿ ಬೇರೆ ಎಣ್ಣೆ ಇದೆ. ಕೊಬ್ಬರಿ ಎಣ್ಣೆಯನ್ನೇ ಮೈಗೂ ಹಚ್ಚಬಹುದು. ಟವೆಲಿನಲ್ಲಿ ಒತ್ತಿ ಒರೆಸಿ, ಚರ್ಮದ ತೇವ ಪೂರ್ತಿ ಆರುವ ಮೊದಲೇ, ಮೂರು ನಿಮಿಷದೊಳಗೆ ಹಚ್ಚಿ. ಆರಿದ ಮೇಲೆ ಹಚ್ಚಿದರೆ ಹಿಡಿದಿಡಲು ನೀರೇ ಉಳಿದಿರಲ್ಲ. ಹಿಮ್ಮಡಿ ಬಿರುಕಿಗೆ ರಾತ್ರಿ ಕಾಲು ತೊಳೆದು, ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಕಾಲುಚೀಲ ಹಾಕಿ ಮಲಗಿ. ದಪ್ಪ ಚರ್ಮವಾದರೆ ಶೇಕಡ 10ರಿಂದ 20 ಯೂರಿಯಾ ಇರುವ ಕ್ರೀಮು. ಸಕ್ಕರೆ ಕಾಯಿಲೆಯವರು ಬ್ಲೇಡಿನಲ್ಲಿ ಕೆರೆಯಬಾರದು. ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ಬಿಚ್ಚುವವರ ಕೈ ದಿನವಿಡೀ ಬಿಸಿ ನೀರಲ್ಲೇ ಇರುತ್ತೆ. ಅವರು ಇದೇ ಜೆಲ್ಲಿಯನ್ನು ಕೆಲಸ ಮುಗಿಸಿ ಕೈ ತೊಳೆದ ಕೂಡಲೇ, ಮತ್ತೆ ಮಲಗುವಾಗ ಹಚ್ಚಿಕೊಳ್ಳಬೇಕು. ಟೊಮೇಟೊ ಬಿಡಿಸಿದ ಕೈಯ ಹಸಿರುಗಪ್ಪು ಅಂಟು ಸೋಪಿಗೆ ಬಗ್ಗಲ್ಲ. ಒಡೆದ ಟೊಮೇಟೊ ಒಂದನ್ನು ಹಿಸುಕಿ ಕೈಗೆ ಉಜ್ಜಿ, ಆಮೇಲೆ ಸೋಪು ಹಾಕಿ.

ಮುಖ ಬೆಳ್ಳಗಾಗಲಿ ಅಂತ, ಹುಳುಕಡ್ಡಿಗೆ ಅಂತ ಬೆಟಾಮೆಥಸೋನ್, ಕ್ಲೋಬೆಟಸಾಲ್ ಇರುವ ಟ್ಯೂಬನ್ನು ಚೀಟಿ ಇಲ್ಲದೆ ತರಬೇಡಿ. ಅವು ಸ್ಟಿರಾಯ್ಡ್. ಚರ್ಮ ತೆಳುವಾಗುತ್ತೆ, ಹುಳುಕಡ್ಡಿ ಮೊದಲು ಇಳಿದ ಹಾಗೆ ಕಂಡು ಆಮೇಲೆ ಹರಡುತ್ತೆ.

ಶೇವಿಂಗಿಗೆ ಎರಡು ಅಂಚಿನ ಬ್ಲೇಡು ಹಾಕುವ ಹಳೇ ರೇಜರೇ ಅಗ್ಗ. ಕ್ರೀಮಿನ ನೊರೆ ಏಳದಿದ್ದರೆ ಅದಕ್ಕೂ ನೀರೇ ಕಾರಣ, ಏಕೆಂದರೆ ಶೇವಿಂಗ್ ಕ್ರೀಮು ಮುಖ್ಯವಾಗಿ ಸೋಪು. ಅರ್ಧ ಲೋಟ ಫಿಲ್ಟರ್ ನೀರು ಬಿಸಿ ಮಾಡಿ ಬ್ರಷ್ ಅದ್ದಿ ನೋಡಿ, ಕಡಲೆ ಕಾಳಿನಷ್ಟು ಕ್ರೀಮಿಗೇ ಮುಖ ತುಂಬುತ್ತೆ. ಬ್ಲೇಡು ಮೊಂಡಾಗಲು ಒದ್ದೆಯಲ್ಲಿ ಬಿಡುವುದೂ ಒಂದು ಕಾರಣ. ಒದರಿ, ಒಣಗಿಸಿ, ಬಚ್ಚಲಿನ ಹೊರಗಿಡಿ. ಗಡ್ಡ ತೆಗೆದ ಮೇಲೆ ಒದ್ದೆ ಪಟಿಕ ಸವರಿದರೆ ಸಣ್ಣ ಗಾಯದ ರಕ್ತ ನಿಲ್ಲುತ್ತೆ. ಅದೇ ತುಂಡನ್ನು ತೊಳೆದ ಕಂಕುಳಿಗೆ ಉಜ್ಜಿದರೆ ಬೆವರಿನ ವಾಸನೆಯೂ ಕಡಿಮೆ. ಸ್ಪ್ರೇ ವಾಸನೆಯನ್ನು ಮುಚ್ಚುತ್ತೆ, ಪಟಿಕ ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾ ಬೆಳೆಯದ ಹಾಗೆ ತಡೆಯುತ್ತೆ.

ಜನೌಷಧಿ ಕೇಂದ್ರಗಳಲ್ಲಿ ಮುಟ್ಟಿನ ದಿನದ ‘ಸುವಿಧಾ’ ಪ್ಯಾಡ್ 2019ರ ಆಗಸ್ಟಿನಿಂದ ಒಂದಕ್ಕೆ ಒಂದು ರೂಪಾಯಿ. ದಾಸ್ತಾನು ಇದ್ದಾಗ ಎರಡು ತಿಂಗಳಿಗೆ ಆಗುವಷ್ಟು ತಂದಿಡಿ.

ಇನ್ನು ಹಲ್ಲು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಎಷ್ಟೋ ಬೋರ್‌ವೆಲ್ಲುಗಳಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳ್ಳೆಯದು, 1.5 ಗರಿಷ್ಠ. ಹಲ್ಲಿನ ಕಂದು ಪಟ್ಟೆ ಎಳೇ ವಯಸ್ಸಿನಲ್ಲಿ, ದವಡೆಯೊಳಗೆ ಹಲ್ಲು ರೂಪುಗೊಳ್ಳುವಾಗ ಕುಡಿದ ನೀರಿನಿಂದ ಆದದ್ದು. ಅದು ಮೇಲೆ ಅಂಟಿದ ಕೊಳೆ ಅಲ್ಲ. ಇದ್ದಿಲ ಪುಡಿ, ಇಟ್ಟಿಗೆ ಪುಡಿ, ಬಿಳುಪಿನ ಪೇಸ್ಟು ಹಾಕಿ ಎಷ್ಟು ತಿಕ್ಕಿದರೂ ಹೋಗಲ್ಲ, ಹಲ್ಲಿನ ಹೊರಕವಚ ಸವೆದು ಜುಮ್ಮೆನ್ನಲು ಶುರುವಾಗುತ್ತೆ. ನಮ್ಮ ದೇಶದಲ್ಲಿ ಟೂತ್‌ಪೇಸ್ಟಿನ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು) ಮೀರುವಂತಿಲ್ಲ, ಎಷ್ಟಿದೆ ಅಂತ ಟ್ಯೂಬಿನ ಮೇಲೆ ಬರೆದಿರಬೇಕು. ಉಗುಳಲು ಬರುವ ದೊಡ್ಡವರಿಗೆ ಅದರಿಂದ ತೊಂದರೆ ಇಲ್ಲ, ಹುಳುಕು ತಡೆಯಲು ಅದು ಬೇಕು. ಮಕ್ಕಳು ನುಂಗುತ್ತಾರೆ, ಅದಕ್ಕೇ ಅಳತೆ ಮುಖ್ಯ: ಮೂರು ವರ್ಷದ ಒಳಗೆ ಅಕ್ಕಿ ಕಾಳಿನಷ್ಟು, ಆರು ವರ್ಷದ ತನಕ ಬಟಾಣಿ ಕಾಳಿನಷ್ಟು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಹಾಕುತ್ತಾರಲ್ಲ, ಅಷ್ಟು ದೊಡ್ಡವರಿಗೂ ಬೇಡ. ಪೇಸ್ಟಿನ ಟ್ಯೂಬು ದೊಡ್ಡವರ ಕೈಯಲ್ಲೇ ಇರಲಿ, ಉಗುಳುವ ತನಕ ಮಗುವಿನ ಪಕ್ಕದಲ್ಲೇ ನಿಂತಿರಿ.