‘ಪಾಟೀಲ ಎಸ್.’ ಯಾರ್ಯಾರು? ಸೈಟೇಶನ್ ಲೆಕ್ಕ ಕೆಡುವ ಬಗೆ

ಕಲಬುರಗಿಯಲ್ಲಿ ಕೂತು ಭೀಮಾ ನದಿ ನೀರು, ಸೇಡಂ-ವಾಡಿ ಕಡೆಯ ಸಿಮೆಂಟ್ ಧೂಳು ಅಂತ ಪೇಪರ್ ಬರೆಯುವವರ ಗೂಗಲ್ ಸ್ಕಾಲರ್ (ಸಂಶೋಧನಾ ಲೇಖನ ಹುಡುಕುವ ತಾಣ) ಪ್ರೊಫೈಲಿನಲ್ಲಿ ಮೊದಲು ತೊಂದರೆ ಕೊಡುವುದು ಹೆಸರು. ‘ಪಾಟೀಲ ಎಸ್.’ ಅಂದರೆ ನಮ್ಮ ಕಡೆ ಓಣಿಗೊಬ್ಬರು. ಲೇಖನ ತಾನಾಗಿ ಸೇರುವ ಆಯ್ಕೆ ಚಾಲೂ ಇದ್ದರೆ ಯಾರದೋ ಹೃದ್ರೋಗದ ಪೇಪರ್ ನಿಮ್ಮ ಪಟ್ಟಿಗೆ ಬಂದು ಕೂರುತ್ತದೆ. ಸೇರಿಸುವ ಮುಂಚೆ ಮೇಲ್ ಬರುವ ಹಾಗೆ ಬದಲಿಸಿ. ಬೇರೆಯವರದನ್ನು ಅಳಿಸಿ. ನಿಮ್ಮದೇ ಪೇಪರ್ ಎರಡು ಸಲ ಇದ್ದರೆ ಮಾತ್ರ ಅಳಿಸಬೇಡಿ. ಎರಡಕ್ಕೂ ಟಿಕ್ ಹಾಕಿ ಮರ್ಜ್ ಮಾಡಿ. ಇಲ್ಲವಾದರೆ ಸೈಟೇಶನ್ (ನಿಮ್ಮ ಪೇಪರನ್ನು ಬೇರೆ ಪೇಪರುಗಳು ಉಲ್ಲೇಖಿಸಿದ ಲೆಕ್ಕ) ಹಂಚಿಹೋಗುತ್ತದೆ: ಆರು ಪೇಪರಿಗೆ 24, 15, 9, 6, 5, 3 ಇದ್ದರೆ ಎಚ್-ಇಂಡೆಕ್ಸ್ 5, ಅಂದರೆ ಐದು ಪೇಪರಿಗೆ ತಲಾ ಕನಿಷ್ಠ 5 ಸೈಟೇಶನ್. ಆ 5 ಒಡೆದು 3 ಮತ್ತು 2 ಆದರೆ ಎಚ್ 4ಕ್ಕೆ ಇಳಿಯಿತು.

ಪೇಪರ್, ಸೈಟೇಶನ್ ಲೆಕ್ಕ ಇಡುವ ಇನ್ನೊಂದು ಡೇಟಾಬೇಸ್ ಸ್ಕೋಪಸ್‌ನ ತಲೆನೋವೇ ಬೇರೆ. 2014ರಲ್ಲಿ ಊರು ಕಲಬುರಗಿ ಆಯಿತು, ವಿಶ್ವವಿದ್ಯಾಲಯದ ಹೆಸರಲ್ಲಿ ಗುಲ್ಬರ್ಗಾ ಉಳಿಯಿತು. ಹೆಸರು, ವಿಳಾಸ ಪೇಪರಿಗೊಂದು ಥರ ಬರೆದರೆ ಒಬ್ಬರಿಗೇ ಎರಡು ಲೇಖಕ ಐಡಿ ಹುಟ್ಟಬಹುದು. ಒಂದಾಗಿಸಲು ಅಲ್ಲೇ ಅರ್ಜಿ ಹಾಕಬೇಕು. ಸಂಶೋಧಕರನ್ನು ಗುರುತಿಸುವ 16 ಅಂಕಿಯ ಆರ್ಕಿಡ್ (ORCID) ಐಡಿ ಪುಕ್ಕಟೆ, ಪೇಪರ್ ಕಳಿಸುವಾಗಲೇ ಹಾಕಿ.

ಸ್ಕಾಲರ್ ಅಂಕಿ ಸ್ಕೋಪಸ್‌ಗಿಂತ ಹೆಚ್ಚಿರುವುದು ಸಹಜ. ಸ್ಕಾಲರ್ ಥೀಸಿಸ್, ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಅಚ್ಚಾಗುವ ಮೊದಲಿನ ಕರಡು) ಎಲ್ಲ ಎಣಿಸುತ್ತದೆ. ಬಯೋಡೇಟಾದಲ್ಲಿ ಯಾವುದರ ಅಂಕಿ, ಯಾವ ತಾರೀಕಿನದು ಅಂತ ಪಕ್ಕದಲ್ಲೇ ಬರೆಯಿರಿ.